ಫ್ರೀ ಕರೆಂಟಿಗೂ ಒಂದು ಲೆಡ್ಜರ್ (ತೋಟದ ಲೆಕ್ಕ, ಭಾಗ 5)

ಮನೆಗೆ ಗೃಹಜ್ಯೋತಿ ಬಿಲ್ ಬರುತ್ತೆ. ಮೊತ್ತ ಸೊನ್ನೆ, ಆದ್ರೆ ಎಷ್ಟು ಯೂನಿಟ್ ಅಂತ ಇರುತ್ತೆ. ತೋಟದ ಬೋರಿಗೆ ಅದೂ ಇಲ್ಲ. 10 ಎಚ್‌ಪಿ ವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಫ್ರೀ, ದುಡ್ಡು ಸರ್ಕಾರ ಕಟ್ಟುತ್ತೆ. ಮೀಟರ್ ಇಲ್ಲದೆ ಸಪ್ಲೈ ಕೊಡಬಾರದು ಅಂತ 2003ರ ವಿದ್ಯುತ್ ಕಾಯ್ದೆಯಲ್ಲೇ ಇದೆ. ಆದ್ರೂ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಯಾವ ಕಡೆ ತೋಟಕ್ಕಾದ್ರೂ ಹೋಗಿ, ಸ್ಟಾರ್ಟರ್ ಡಬ್ಬಿ ಇರುತ್ತೆ, ಮೀಟರ್ ಕಾಣೋದು ಅಪರೂಪ. ಎಂಟ್ರಿನೇ ಇಲ್ದಿರೋ ಖರ್ಚು! ಬಿಕಾಂ ಓದೋರಿಗೆ ಇದು ತಡ್ಕೊಳಕ್ಕಾಗಲ್ಲ ಗುರೂ.

ಅದಕ್ಕೆ ಜನವರಿಯಿಂದ ನಾನೇ ಬರೀತಿದ್ದೀನಿ (ಎರಡನೇ ಫೋಟೋ). ಮೂರು ಕಾಲಂ: ಆರ್, ವೈ, ಬಿ. ಕ್ಲ್ಯಾಂಪ್ ಮೀಟರ್‌ನ ಒಂದೊಂದು ವೈರಿಗೆ ಬೇರೆ ಬೇರೆ ಹಾಕಬೇಕು. ಮೂರನ್ನೂ ಒಟ್ಟಿಗೆ ಹಿಡಿದ್ರೆ ಹೆಚ್ಚುಕಮ್ಮಿ ಸೊನ್ನೆ ತೋರಿಸುತ್ತೆ, ಯಾಕಂದ್ರೆ ಮೂರು ಫೇಸ್ ಒಂದನ್ನೊಂದು ಹೊಡ್ಕೊಂಡು ಹೋಗ್ತವೆ. ಒಂದು ಫೇಸ್ ಮಾತ್ರ ಬೇರೆ ನಂಬರ್ ತೋರಿಸಿದ್ರೆ ಮೋಟಾರ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ನ ಕರೀರಿ, ಇಲ್ಲಾಂದ್ರೆ ಕಾಯಿಲ್ ಸುಡುತ್ತೆ. ಡಬ್ಬಿ ಒಳಗೆ ನೀವೇ ಕೈ ಹಾಕ್ಬೇಡಿ.

ಲೆಕ್ಕ ಇಷ್ಟೇ: 1.732 × ವೋಲ್ಟೇಜ್ × ಆಂಪಿಯರ್ × ಪವರ್ ಫ್ಯಾಕ್ಟರ್. ನಮ್ದು 5 ಎಚ್‌ಪಿ. 380 ವೋಲ್ಟ್, 8.5 ಆಂಪಿಯರ್, ಪವರ್ ಫ್ಯಾಕ್ಟರ್ 0.8 ಅಂತ ಇಟ್ಕೊಂಡ್ರೆ ಗಂಟೆಗೆ ಸುಮಾರು 4.5 ಯೂನಿಟ್. ಆರು ಗಂಟೆ ಓಡಿದ್ರೆ 27. ಮನೆಯಲ್ಲಿ ಒಂದು ವಾರಕ್ಕೂ ಅಷ್ಟು ಆಗಲ್ಲ.

ಆದ್ರೆ ಯೂನಿಟ್‌ಗಿಂತ ದೊಡ್ಡ ವಿಷಯ ಸಿಕ್ಕಿದ್ದು ಆಂಪಿಯರ್ ಕಾಲಂನಲ್ಲಿ. ಶುರುವಲ್ಲಿ 8.5 ಇದ್ದಿದ್ದು ಒಂದು ಹೊತ್ತಿಗೆ ಮೂರೂ ಫೇಸ್‌ನಲ್ಲಿ ಒಟ್ಟಿಗೆ 6ಕ್ಕೆ ಇಳಿಯುತ್ತೆ. ಕರೆಂಟ್ ಉಳಿತಾಯ ಆಯ್ತು ಅಂತಲ್ಲ, ಎತ್ತೋಕೆ ನೀರಿಲ್ಲ ಅಂತ. ಪೈಪಲ್ಲಿ ನೀರು ಬಿಕ್ಕಳಿಸೋಕೆ ಮುಂಚೆನೇ ಮುಳ್ಳು ಹೇಳಿಬಿಡುತ್ತೆ. ಜನವರಿಯಲ್ಲಿ ಇದು ಮೂರು ಗಂಟೆ ಓಡಿದ ಮೇಲೆ ಆಗ್ತಿತ್ತು. ಮಾರ್ಚ್‌ನಲ್ಲಿ 1 ಗಂಟೆ 50 ನಿಮಿಷಕ್ಕೇ.

ಅದೇ ಟೈಮಲ್ಲಿ ನೆಂಟರೊಬ್ಬರು ಅಪ್ಪನಿಗೆ ಹೇಳ್ತಿದ್ರು, 10 ಎಚ್‌ಪಿ ವರೆಗೂ ಫ್ರೀ ತಾನೇ, ಏಳೂವರೆ ಹಾಕ್ಸು, ನೀರು ಜಾಸ್ತಿ ಬರುತ್ತೆ ಅಂತ. ಕಾಸ್ಟಿಂಗ್‌ನಲ್ಲಿ ಲಿಮಿಟಿಂಗ್ ಫ್ಯಾಕ್ಟರ್ ಅಂತ ಓದ್ತೀವಲ್ಲ, ಇಲ್ಲಿ ಅದು ಕರೆಂಟೂ ಅಲ್ಲ, ಮೋಟಾರೂ ಅಲ್ಲ. ಬೋರೊಳಗಿನ ನೀರು. ದೊಡ್ಡ ಮೋಟಾರ್ ಅದೇ ನೀರನ್ನ ಇನ್ನೂ ಬೇಗ ಖಾಲಿ ಮಾಡುತ್ತೆ, ಆಮೇಲೆ ಒಣಗಿದ್ದನ್ನೇ ತಿರುಗಿಸಿ ಸುಟ್ಟುಹೋಗುತ್ತೆ. ಪಂಪ್ ಎತ್ತಿಸೋದು, ರಿವೈಂಡಿಂಗು, ಅದ್ಯಾವುದೂ ಫ್ರೀ ಅಲ್ಲ.

ನೋಟ್‌ಬುಕ್ ತೋರಿಸಿದೆ. ಅಪ್ಪ ಏನೂ ಅನ್ನಲಿಲ್ಲ. ಮಾರನೇ ದಿನ ಆಟೋ ಸ್ಟಾರ್ಟರ್ ಆಫ್ ಮಾಡಿದ್ರು. ಈಗ ಒಂದೂವರೆ ಗಂಟೆ ಓಡಿಸಿ ನಿಲ್ಲಿಸ್ತೀವಿ, ಬೋರ್ ತುಂಬೋಕೆ ಬಿಟ್ಟು, ಮೂರು ಫೇಸ್ ಇನ್ನೂ ಇದ್ರೆ ಇನ್ನೊಂದು ಸಲ. ತೋಟದ ಅರ್ಧಕ್ಕೆ ಇವತ್ತು, ಉಳಿದರ್ಧಕ್ಕೆ ನಾಳೆ. ಏಳೂವರೆ ಎಚ್‌ಪಿ ಮಾತು ಸದ್ಯಕ್ಕೆ ನಿಂತಿದೆ.

ನಿಮ್ ಬೋರ್ ಎಷ್ಟು ಹೊತ್ತಿಗೆ ಇಳಿಯುತ್ತೆ? ನಿಮಿಷ ನೋಡ್ಕೊಂಡು ಕಾಮೆಂಟ್‌ನಲ್ಲಿ ಹಾಕಿ, ಊರಿನ ಹೆಸರೂ ಇರಲಿ.