ಮುಂದೆ ನಡೆಯುವವರು

ಮದುವೆಯಾದ ಲಾಗಾಯ್ತು ನನ್ನ ಯಜಮಾನರು ನನಗಿಂತ ಹತ್ತು ಮಾರು ಮುಂದೆಯೇ ನಡೆಯುತ್ತಾರೆ. ಸಂತೆಯಿರಲಿ, ಜಾತ್ರೆಯಿರಲಿ, ಬೀಗರ ಮನೆಯ ಮದುವೆಯಿರಲಿ, ನನಗೆ ಕಾಣುವುದು ಅವರ ಬೆನ್ನು. "ರೀ, ಸ್ವಲ್ಪ ನಿಲ್ರಿ" ಎಂದರೆ ನಿಲ್ಲುತ್ತಾರೆ. ನಾನು ಹತ್ತಿರ ಬಂದೆನೋ ಇಲ್ಲವೋ, ಮತ್ತೆ ಹೊರಟುಬಿಡುತ್ತಾರೆ. ಪ್ರೀತಿಗೇನೂ ಕೊರತೆಯಿಲ್ಲ. ಇವಳು ಹಿಂದೆ ಬರುತ್ತಾಳೆ ಎಂಬ ಗಟ್ಟಿ ನಂಬಿಕೆ ಅವರದು. ನನಗೆ ಸಿಟ್ಟು ಬರುವುದು ಆ ನಂಬಿಕೆಯ ಮೇಲೆಯೇ.

ಕಾರಿನಲ್ಲಾದರೆ ಅಕ್ಕಪಕ್ಕ ಕೂತೇ ಹೋಗಬೇಕು. ಸಂಡೂರು, ಹೊಸಪೇಟೆ, ಹಂಪಿ, ಕಂಪ್ಲಿ ಸುತ್ತಿ ಬರೋಣವೆಂದು ನಾನು ಹಟ ಹಿಡಿದದ್ದರಲ್ಲಿ ಈ ಲೆಕ್ಕಾಚಾರವೂ ಇತ್ತು. ಆಗಸ್ಟ್ ತಿಂಗಳು. ಸಂಡೂರಿನ ಗುಡ್ಡಗಳು ಮೈತುಂಬ ಹಸಿರು ಹೊದ್ದಿದ್ದವು, ರಸ್ತೆ ಮಾತ್ರ ಅದಿರಿನ ಕೆಂಪು. ಲಾರಿಗಳ ಹಿಂದೆ ತೆವಳುತ್ತ ಹೊಸಪೇಟೆ ಮುಟ್ಟುವಷ್ಟರಲ್ಲಿ ನಮ್ಮ ಬಿಳಿ ಕಾರೂ ಕೆಂಪಾಗಿತ್ತು. ಅದನ್ನು ತಾಪತ್ರಯವೆನ್ನಲು ಬರುವುದಿಲ್ಲ. ತಾಪತ್ರಯ ಕಾದಿದ್ದದ್ದು ಕಡ್ಡಿರಾಂಪುರದಲ್ಲಿ.

ಹೊಸಪೇಟೆಯಿಂದ ಹಂಪಿಗೆ ಹೋಗುವಾಗ ಅನಂತಶಯನಗುಡಿ ದಾಟಿದ ಮೇಲೆ ಸಿಗುವ ಊರು ಅದು. ವಿರೂಪಾಕ್ಷನ ಗೋಪುರ ಇನ್ನೇನು ಬಂತು ಎಂಬ ಆತುರದಲ್ಲಿ ಅಲ್ಲಿ ಯಾರೂ ನಿಲ್ಲುವುದಿಲ್ಲ. ನಮ್ಮನ್ನು ಎಡಗಡೆಯ ಮುಂದಿನ ಚಕ್ರ ನಿಲ್ಲಿಸಿತು. ಡಿಕ್ಕಿ ತೆಗೆದು ಸ್ಟೆಪ್ನಿ ಇಳಿಸಿದರೆ ಅದರಲ್ಲೂ ಗಾಳಿಯಿಲ್ಲ. "ಹೊರಡೋ ಮುಂಚೆ ನೋಡಬಾರದಿತ್ತೇನ್ರಿ?" ಎಂದೆ. ಅವರು ಜಾಕ್ ತಿರುವುತ್ತಲೇ ಇದ್ದರು, ಉತ್ತರ ಕೊಡಲಿಲ್ಲ. ಬಾಳೆತೋಟದ ಬದುವಿನಿಂದ ಒಬ್ಬ ಅಜ್ಜಿ "ಬಿಸ್ಲಾಗ ಯಾಕ ನಿಂತೀಯವ್ವಾ, ನೆಳ್ಳಿಗೆ ಬಾ" ಎಂದು ಕರೆದು ಮಜ್ಜಿಗೆ ಕೊಟ್ಟಳು. ವಿಜಯನಗರದ ಅರಸರು ತೋಡಿಸಿದ ಕಾಲುವೆಗಳು ಈ ಸೀಮೆಯಲ್ಲಿ ಇನ್ನೂ ಹರಿಯುತ್ತಿವೆ, ತೋಟಗಳ ತಂಪು ಅವುಗಳದೇ. ಊರಲ್ಲಿ ಗುಮ್ಮಟದ ಎರಡು ಹಳೆಯ ಗೋರಿಗಳಿವೆ. ಇಮ್ಮಡಿ ದೇವರಾಯ ತನ್ನ ದಂಡಿಗೆ ಮುಸ್ಲಿಂ ಬಿಲ್ಲುಗಾರರನ್ನೂ ರಾವುತರನ್ನೂ ಸೇರಿಸಿಕೊಂಡಿದ್ದ, ಅಹಮದ್ ಖಾನ್ ಎಂಬಾತ 1439ರಲ್ಲಿ ಅದೇ ದೊರೆಯ ಹೆಸರಿನಲ್ಲಿ ರಾಜಧಾನಿಯೊಳಗೆ ಮಸೀದಿ ಕಟ್ಟಿಸಿದ್ದ. ಹಂಪಿಯೆಂದರೆ ಕಲ್ಲಿನ ರಥವೊಂದೇ ಎಂದುಕೊಂಡವರು ಈ ಗೋರಿಗಳ ಮುಂದೆ ಒಂದು ಗಳಿಗೆ ನಿಲ್ಲಬೇಕು.

ದಾರಿಯಲ್ಲಿ ಬಂದ ಟಂಟಂಗೆ ಎರಡೂ ಟಯರು ಹಾಕಿಕೊಂಡು ಅನಂತಶಯನಗುಡಿಗೆ ವಾಪಸು ಹೋದೆವು. ಪಂಕ್ಚರ್ ಅಂಗಡಿಯವನು ಊಟಕ್ಕೆ ಹೋಗಿದ್ದ. ಕಾಯುವ ಹೊತ್ತಿಗೆ ಗುಡಿ ನೋಡೋಣವೆಂದು ಒಳಗೆ ಹೋದೆವು. ಅವರು ಮುಂದೆ, ನಾನು ಹಿಂದೆ.

1524ರಲ್ಲಿ ಕೃಷ್ಣದೇವರಾಯ ಕಟ್ಟಿಸಿದ ಗುಡಿ ಅದು. ಇಟ್ಟಿಗೆ ಗಾರೆಯ ಎತ್ತರದ ಶಿಖರ, ಸವಾರಿ ಬಂಡಿಯ ಕಮಾನಿನ ಹಾಗೆ ಬಾಗಿದೆ. ಒಳಗೆ ಗರ್ಭಗುಡಿ ಅಡ್ಡಕ್ಕೆ ಉದ್ದವಾಗಿದೆ, ಮಲಗುವ ದೇವರಿಗೆಂದೇ ಅಳತೆ ಹಿಡಿದು ಕಟ್ಟಿದ್ದು. ಉದ್ದನೆಯ ಪೀಠವೂ ಇದೆ. ದೇವರಿಲ್ಲ.

ಕಾರಣವನ್ನು ಈ ಕಡೆಯ ಜನ ಕಥೆಯಾಗಿ ಹೇಳುತ್ತಾರೆ. ಹೂವಿನಹಡಗಲಿ ತಾಲ್ಲೂಕಿನ ಹೊಳಲಿನಲ್ಲಿದ್ದ ಅನಂತಶಯನನನ್ನು ಕರೆತರಲು ರಾಯ ಹೋದನಂತೆ. ದೇವರು ಒಪ್ಪಿದ. ನೀನು ಮುಂದೆ ನಡೆ, ನಾನು ಹಿಂದೆ ಬರುತ್ತೇನೆ, ತಿರುಗಿ ಮಾತ್ರ ನೋಡಬೇಡ ಎಂದನಂತೆ. ರಾಯ ತಿರುಗಿ ನೋಡಿದ. ದೇವರು ಹೊಳಲಿನಲ್ಲಿಯೇ ಮಲಗಿಬಿಟ್ಟ. ಇಲ್ಲಿ ಪೀಠ ಬರಿದಾಗಿಯೇ ಉಳಿಯಿತು.

ಇಂಥ ಕಥೆ ನಮ್ಮಲ್ಲಿ ಇದೊಂದೇ ಅಲ್ಲ. ಕೊಲ್ಲೂರಿನಲ್ಲಿ ಶಂಕರಾಚಾರ್ಯರ ಹಿಂದೆ ಬರುತ್ತಿದ್ದ ದೇವಿಯ ಗೆಜ್ಜೆ ಸದ್ದು ನಿಂತಿತು, ಅವರು ತಿರುಗಿ ನೋಡಿದರು, ದೇವಿ ಅಲ್ಲೇ ನೆಲೆ ನಿಂತಳು. ಗ್ರೀಕರ ಆರ್ಫಿಯಸ್ ಪಾತಾಳದಿಂದ ಹೆಂಡತಿಯನ್ನು ಕರೆತರುವಾಗ ತಿರುಗಿ ನೋಡಿ ಅವಳನ್ನು ಎರಡನೆಯ ಸಲ ಕಳೆದುಕೊಂಡ. ಎಲ್ಲ ಕಡೆಯೂ ತಪ್ಪು ನೋಡಿದವರದೇ! ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಹಿಂದೆ ಬರುವವರ ಹೆಜ್ಜೆ ಕೇಳದಿದ್ದಾಗ ತಿರುಗಿ ನೋಡದವನು ಎಂಥ ಮನುಷ್ಯ? ಪಾಂಡವರ ಮಹಾಪ್ರಸ್ಥಾನವನ್ನು ನೆನೆಯಿರಿ. ಹಿಮಾಲಯದ ದಾರಿಯಲ್ಲಿ ಮೊದಲು ಬಿದ್ದವಳು ದ್ರೌಪದಿ. ಯಾಕೆ ಬಿದ್ದಳು ಎಂದು ಭೀಮ ಕೇಳಿದ. ಅವಳಿಗೆ ಅರ್ಜುನನ ಮೇಲೆ ಪಕ್ಷಪಾತವಿತ್ತು ಎಂದು ಕಾರಣ ಹೇಳಿ ಧರ್ಮರಾಯ ಅವಳತ್ತ ನೋಡದೆಯೇ ನಡೆದ. ಸ್ವರ್ಗ ಸಿಕ್ಕಿದ್ದು ಅವನಿಗೆ. ಚಿಕ್ಕಂದಿನಲ್ಲಿ ಅಜ್ಜಿ ಈ ಕಥೆ ಹೇಳಿದಾಗಲೂ ನನ್ನ ಮನಸ್ಸು ಕೇಳಿದ ಭೀಮನ ಕಡೆಗೇ ಇತ್ತು.

ರಾಯನ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ಈ ಗುಡಿಯ ಸುತ್ತ ಎಬ್ಬಿಸಿದ ಊರಿಗೆ ಅವನು ತನ್ನ ಮಗ ತಿರುಮಲನ ಹೆಸರಿಟ್ಟಿದ್ದ. ಆರು ವರ್ಷದ ಮಗನಿಗೆ ತಾನು ಬದುಕಿರುವಾಗಲೇ ಪಟ್ಟ ಕಟ್ಟಿದ, ಸ್ವಲ್ಪ ಕಾಲದಲ್ಲೇ ಆ ಹುಡುಗ ತೀರಿಕೊಂಡ ಎಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ವಿಷ ಹಾಕಿದರೆಂಬ ಸಂಶಯದಲ್ಲಿ ಮಂತ್ರಿ ತಿಮ್ಮರಸನ ಕಣ್ಣು ಕೀಳಿಸಿದ್ದನ್ನೂ ಬರೆದಿದ್ದಾನೆ. ಮಗನ ಊರು, ಮಗನಿಲ್ಲ. ದೇವರ ಗುಡಿ, ದೇವರಿಲ್ಲ. ಹೊಳಲಿನ ಕಥೆ ಎಂದು ಹುಟ್ಟಿತೋ, ಯಾರು ಕಟ್ಟಿದರೋ. ಕಟ್ಟಿದವರಿಗೆ ಈ ಅರಸನ ಮೇಲೆ ಮರುಕವಿತ್ತು ಎಂದೇ ನನ್ನ ಎಣಿಕೆ. ಕೈಬೀಸಿ ನಡೆದವನೆಂದು ಅವರು ಹೇಳಲಿಲ್ಲ, ತಿರುಗಿ ನೋಡಿದನೆಂದು ಹೇಳಿದರು.

ಇಷ್ಟನ್ನೂ ಯಜಮಾನರಿಗೆ ಅಲ್ಲಿಯೇ ಹೇಳಿದೆ. "ಅಂದ್ರ ನಾ ಧರ್ಮರಾಯ ಅನ್ನು" ಎಂದು ನಕ್ಕರು. "ನಗಬ್ಯಾಡ್ರಿ" ಎಂದೆ. ನಗು ನಿಂತಿತು. ಪಂಕ್ಚರ್‌ನವನು ಬಂದಿದ್ದ.

ಮರುದಿನ ಹಂಪಿಯಲ್ಲಿ ಪುರಂದರ ಮಂಟಪ ನೀರಲ್ಲಿತ್ತು, ತೆಪ್ಪಗಳು ದಡ ಸೇರಿದ್ದವು. ಕಂಪ್ಲಿಯಿಂದ ಹೊಳೆ ದಾಟಿ ಗಂಗಾವತಿ ಕಡೆಗೆ ಹೋಗೋಣವೆಂದರೆ ಸೇತುವೆಯೇ ಮುಳುಗಿತ್ತು. ತುಂಗಭದ್ರಾ ಜಲಾಶಯದಿಂದ ಲಕ್ಷಕ್ಕೂ ಮೀರಿ ಕ್ಯೂಸೆಕ್ ನೀರು ಬಿಟ್ಟರೆ ಅಲ್ಲಿ ಹಾಗೆಯೇ. ದಡದಲ್ಲಿ ನಿಂತವರು 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದ ಮಾತು ತೆಗೆದರು. 33 ಗೇಟುಗಳಲ್ಲಿ ಒಂದು ಹೋದರೆ ಇಡೀ ಸೀಮೆಯ ಎರಡನೇ ಬೆಳೆಯೇ ಹೋದಂತೆ ಎಂಬ ಭಯ ಅವರ ದನಿಯಲ್ಲಿ ಇನ್ನೂ ಆರಿರಲಿಲ್ಲ. "ಬುಕ್ಕಸಾಗರದ ಹತ್ರ ಹೊಸಾ ಬ್ರಿಡ್ಜ್ ಐತ್ರಿ, ಕಡೆಬಾಗಿಲಿಗೆ ದಾಟಸ್ತೈತಿ" ಎಂದು ಒಬ್ಬ ಹುಡುಗ ತೋರಿಸಿದ. ಅದನ್ನು ಆಗಲೇ ಹಿಂದೆ ಹಾಕಿ ಬಂದಿದ್ದೆವು.

ಯಜಮಾನರು ಗಾಡಿ ತಿರುಗಿಸಿದರು. ಆದರೆ ಬುಕ್ಕಸಾಗರಕ್ಕಲ್ಲ. "ಹೊಳಲಿಗೆ ಹೋಗೋಣು ನಡಿ" ಎಂದರು. ಪಂಪಾಸರೋವರ ಬಿಟ್ಟು, ಆನೆಗೊಂದಿ ಬಿಟ್ಟು, ದೂರದ ಹೊಳಲಿಗೆ! ನಾನು ಬೇಡವೆನ್ನಲಿಲ್ಲ.

ಅಲ್ಲಿ ಅನಂತಶಯನ ನೆಮ್ಮದಿಯಾಗಿ ಪವಡಿಸಿದ್ದ. ಕೈ ಮುಗಿದೆ, ಆದರೆ ಮನಸ್ಸಿನಲ್ಲಿದ್ದ ತಕರಾರು ಹಾಗೆಯೇ ಇತ್ತು. ಹೊರಗೆ ಕಟ್ಟೆಯ ಮೇಲೆ ಹೂ ಕಟ್ಟುತ್ತಿದ್ದ ಹೆಂಗಸಿಗೆ ಹೇಳಿಯೇಬಿಟ್ಟೆ: ದೇವರು ಹಾಗೆ ಷರತ್ತು ಹಾಕಬಾರದಿತ್ತು, ರಾಯ ಎಷ್ಟು ನೊಂದಿರಬೇಡ.

ಅವಳು ದಾರ ಹಲ್ಲಲ್ಲಿ ಕಡಿದಳು. "ಏನಂತೀಯವ್ವಾ ನೀನು? ಆತ ಹೊಳ್ಳಿ ನೋಡಿದ್ದಕ್ಕ ಈ ದೇವರು ನಮಗ ದಕ್ಯಾನ."