ಎದುರುಬದುರು ವಾಡೆಗಳು

ನಿವೃತ್ತ ಮೇಷ್ಟರ ಮನೆಯಲ್ಲಿ ಹಳೆಯ ಪಂಚಾಂಗವಿರಬಹುದು, ರಟ್ಟು ಕಿತ್ತ ಭಾರತದ ಪ್ರತಿಯಿರಬಹುದು, ಮಕ್ಕಳಿಂದ ಕಸಿದುಕೊಂಡು ಮರಳಿ ಕೊಡದೆ ಉಳಿದ ಬುಗುರಿಯೊಂದೂ ಇರಬಹುದು. ಎಂಟುನೂರು ಪುಟದ ಇಂಗ್ಲಿಷ್ ಕಾದಂಬರಿ ಇರುವುದು ಅಪರೂಪ. ಕಳೆದ ಬೇಸಿಗೆಯಲ್ಲಿ ವಾಡಿಯ ನಮ್ಮ ಮನೆಗೆ ಅಂಥದೊಂದು ಬಂದು ಕೂತಿತು. ತಂದವಳು ನನ್ನ ಮೊಮ್ಮಗಳು. ಹೈದರಾಬಾದಿನಲ್ಲಿ ಕಾಲೇಜು ಓದುವ ಹುಡುಗಿ. ರಜೆಯಲ್ಲಿ ಹದಿನೈದು ದಿನ ನಮ್ಮಲ್ಲಿರುತ್ತಾಳೆ. "ಮುತ್ಯಾ, ಇದು ಓದು. ನಿಮ್ಮೂರಿನ ಕಥಿನೇ ಅದ" ಎಂದು ಅದನ್ನು ನನ್ನ ತೊಡೆಯ ಮೇಲಿಟ್ಟಳು. ತೂಕ ನೋಡಿದರೆ ಶಹಾಬಾದಿನ ಹಾಸುಗಲ್ಲಿನ ತುಂಡೇ ಇರಬೇಕೆನ್ನಿಸಿತು.

ವಾಡಿಯ ಬೇಸಿಗೆಯನ್ನು ಬಲ್ಲವರೇ ಬಲ್ಲರು. ಮಧ್ಯಾಹ್ನ ಕಲ್ಲುಹಾಸಿನ ನೆಲಕ್ಕೆ ನೀರು ಚಿಮುಕಿಸಿ ಅದರ ಮೇಲೆ ಅಡ್ಡಾಗುವುದನ್ನು ಬಿಟ್ಟರೆ ಮನುಷ್ಯನಿಗೆ ಬೇರೆ ಉದ್ಯೋಗವಿಲ್ಲ. ಅಡ್ಡಾದವನು ಪುಸ್ತಕ ತೆರೆದೆ. ಬರೆದವರು ಜಾರ್ಜ್ ಆರ್. ಆರ್. ಮಾರ್ಟಿನ್ ಎಂಬ ಅಮೆರಿಕದ ಲೇಖಕರು. 'ಎ ಗೇಮ್ ಆಫ್ ಥ್ರೋನ್ಸ್' ಎಂಬ ಮೊದಲ ಸಂಪುಟ 1996ರಲ್ಲಿ ಬಂತು, ಐದನೆಯದು 2011ರಲ್ಲಿ. ಅದೇ 2011ರಿಂದ 2019ರವರೆಗೆ ಅದು ಟೆಲಿವಿಷನ್ ಧಾರಾವಾಹಿಯಾಗಿ ಜಗತ್ತನ್ನೆಲ್ಲ ಸುತ್ತಿತು. ಬೆಂಕಿಯುಗುಳುವ ಹಾರುಸರ್ಪಗಳು, ಹಿಮದಲ್ಲಿ ನಡೆಯುವ ಹೆಣಗಳು, ಇವೆಲ್ಲ ಅದರಲ್ಲಿವೆ. ಪುರಾಣ ಕೇಳಿ ಬೆಳೆದ ನನಗೆ ಅವುಗಳಿಂದ ಭಯವೂ ಆಗಲಿಲ್ಲ, ಬೆರಗೂ ಆಗಲಿಲ್ಲ. ನನ್ನನ್ನು ಹಿಡಿದು ಕೂರಿಸಿದವರು ಇಬ್ಬರು ಅಪ್ಪಂದಿರು: ಉತ್ತರದೇಶದ ಸ್ಟಾರ್ಕ್ ಮನೆತನದ ನೆಡ್, ಪಶ್ಚಿಮದ ಲ್ಯಾನಿಸ್ಟರ್ ಮನೆತನದ ಟೈವಿನ್. ಅವರನ್ನು ಕಂಡೊಡನೆ, ಈ ಹುಡುಗಿ ಹೇಳಿದ್ದು ಸುಳ್ಳಲ್ಲ, ಇದು ನಮ್ಮೂರಿನ ಕಥೆಯೇ ಸರಿ ಎನ್ನಿಸಿತು.

ನಮ್ಮೂರು ಸೇಡಂ ತಾಲ್ಲೂಕಿನಲ್ಲಿ, ಮಳಖೇಡಕ್ಕೆ ಹತ್ತಿರದ ಒಂದು ಹಳ್ಳಿ. ನಿಜಾಮರ ಕಾಲದಲ್ಲಿ ನಮ್ಮ ಕಡೆಯ ಹಳ್ಳಿಗಳಲ್ಲಿ ಇಬ್ಬರು ಪಾಟೀಲರಿರುತ್ತಿದ್ದರು. ಕಂದಾಯ ವಸೂಲಿ ಮಾಡುವವನು ಮಾಲಿಪಾಟೀಲ. ಊರಿನ ಬಂದೋಬಸ್ತು ನೋಡುವವನು ಪೊಲೀಸಪಾಟೀಲ. ಎರಡೂ ಅಧಿಕಾರಗಳು ತಂದೆಯಿಂದ ಮಗನಿಗೆ ಇಳಿದು ಬರುವಂಥವು. ಇಬ್ಬರು ಸರದಾರರನ್ನು ಒಂದೇ ಊರಿನಲ್ಲಿಟ್ಟರೆ ಏನಾಗಬೇಕೋ ಅದು ಆಗಿಯೇ ಆಗುತ್ತಿತ್ತು. 1961ರ ಕಾನೂನು ಈ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು. ಆದರೆ ಯಾವ ಕಾನೂನಿನಿಂದಲೂ ಮೀಸೆಯನ್ನು ತೆಗೆಯಲಾಗಲಿಲ್ಲ. ನಮ್ಮ ಮುತ್ಯಾ ಮಾಲಿಪಾಟೀಲರು. ಎದುರು ವಾಡೆಯವರು ಪೊಲೀಸಪಾಟೀಲರು. ನಡುವೆ ಒಂದು ಬಂಡಿ ಹೋಗುವಷ್ಟು ದಾರಿ. ಹಗೆತನದ ಮೂಲ ಕೇಳಿದರೆ ನೀವು ನಗುತ್ತೀರಿ: ಜಾತ್ರೆಯ ತೇರಿಗೆ ಮೊದಲ ಕಾಯಿ ಯಾರದು ಎಂಬುದು.

ನಮ್ಮ ಮುತ್ಯಾ ಮಾತಾಡುತ್ತಿದ್ದುದು ಕಡಿಮೆ. ಅವರು ಉಣ್ಣುವಾಗ ಮನೆಯಲ್ಲಿ ಕೈಬಳೆಯ ಸಪ್ಪಳವೂ ಕೇಳಬಾರದು. ನನ್ನ ಅಪ್ಪನೂ ಕಾಕಂದಿರೂ ಮೀಸೆ ನರೆತ ಮೇಲೂ ಅವರ ಮುಂದೆ ಕೂತವರಲ್ಲ. ಈ ಬಿರುಸಿಗೆ ಕಾರಣ ನನಗೆ ತಿಳಿದದ್ದು ಬಹಳ ತಡವಾಗಿ. ಮುತ್ಯಾನ ಅಪ್ಪ ಮೆತ್ತನೆಯ ಮನುಷ್ಯರಂತೆ. ಕೇಳಿದವರಿಗೆಲ್ಲ ಸಾಲ ಕೊಟ್ಟು, ಮರಳಿ ಕೇಳಲು ನಾಚಿ, ಊರವರ ಬಾಯಲ್ಲಿ ನಗೆಪಾಟಲಾದವರು. ಆ ನಗುವನ್ನು ಕೇಳುತ್ತ ಬೆಳೆದ ಹುಡುಗ, ಇನ್ನು ಮುಂದೆ ಈ ವಾಡೆಯನ್ನು ನೋಡಿ ಯಾರೂ ನಗಬಾರದೆಂದು ನಿಶ್ಚಯಿಸಿದ. ಟೈವಿನ್ ಪ್ರಭುವಿನ ಕಥೆಯೂ ಇದೇ. ಅವನ ತಂದೆಯೂ ಮೆದು. ಸಾಮಂತರು ಸಾಲ ತೆಗೆದುಕೊಂಡು ಅವನನ್ನೇ ನೋಡಿ ನಕ್ಕವರು. ಮಗ ದೊಡ್ಡವನಾಗಿ, ದಂಗೆಯೆದ್ದ ಒಂದು ಸಾಮಂತ ಮನೆತನವನ್ನು ಹೆಸರಿಲ್ಲದಂತೆ ಮಾಡಿದ. ಆ ನಾಶವೇ ಒಂದು ಹಾಡಾಗಿ, ಅದನ್ನು ಕೇಳಿದವರ ಬಾಯಿ ತಾನಾಗಿ ಮುಚ್ಚುವಂತಾಯಿತು.

ಎದುರು ವಾಡೆಯ ಗೌಡರದು ಬೇರೆ ರೀತಿ. ಸಂಜೆ ಅವರ ಪಂಕ್ತಿಯಲ್ಲಿ ಯಾರಾದರೊಬ್ಬರು ಹೊರಗಿನವರು ಇರಲೇಬೇಕು: ಕುರಿ ಕಾಯುವವನೋ, ಕಮ್ಮಾರನೋ, ದಾರಿ ತಪ್ಪಿ ಬಂದ ಬಳೆಗಾರನೋ. ಕಾದಂಬರಿಯ ನೆಡ್ ಕೂಡ ಊಟದ ಮೇಜಿನಲ್ಲಿ ತನ್ನ ಪಕ್ಕದ ಒಂದು ಪೀಠವನ್ನು ಖಾಲಿ ಇಡುತ್ತಿದ್ದ. ದಿನಕ್ಕೊಬ್ಬ ಆಳನ್ನು ಕರೆದು ಅಲ್ಲಿ ಕೂರಿಸಿ, ಅವನ ಸುಖದುಃಖ ಕೇಳುತ್ತಿದ್ದ. ಅವನ ಚಿಕ್ಕ ಮಗಳು ಅದನ್ನು ಮುಂದೆ ನೆನೆಯುವ ಪುಟವನ್ನು ಓದುವಾಗ ನನಗೆ ಎದುರು ವಾಡೆಯ ಜೋಳದ ರೊಟ್ಟಿಯ ವಾಸನೆ ಬಂದಂತಾಯಿತು. ಆ ಪಂಕ್ತಿಯಲ್ಲಿ ನಾನೂ ಒಮ್ಮೆ ಕದ್ದು ಕೂತವನು.

ಇಷ್ಟಕ್ಕೇ ಒಬ್ಬನನ್ನು ದೇವರೆಂದೂ ಇನ್ನೊಬ್ಬನನ್ನು ರಾಕ್ಷಸನೆಂದೂ ಹೇಳಿಬಿಟ್ಟರೆ ಈ ಬರಹ ಇಲ್ಲಿಗೇ ಮುಗಿದುಹೋಗುತ್ತಿತ್ತು. ಆದರೆ 1972ರ ಬರಗಾಲವನ್ನು ನಾನು ಕಣ್ಣಾರೆ ಕಂಡವನು. ಆಗ ನನಗೆ ಹದಿನೈದು. ಎದುರು ವಾಡೆಯ ಗೌಡರು ಹಗೇವು ತೆಗೆಸಿ ಊರಿಗೆ ಜೋಳ ಹಂಚಿದರು. ಮೂರು ತಿಂಗಳಲ್ಲಿ ತಮ್ಮ ಮನೆಯ ಮಕ್ಕಳೇ ಅರೆಹೊಟ್ಟೆಯಾದರು. ಊರವರ ಸಾಲಕ್ಕೆಲ್ಲ ಅವರು ಜಾಮೀನು ನಿಂತಿದ್ದರು. ಸಾಲಗಾರರು ಕೈಯೆತ್ತಿದಾಗ, ಕೊಟ್ಟ ಮಾತಿಗಾಗಿ ಹೊಲ ಮಾರಿದರು. ನಮ್ಮ ಹಗೇವಿಗೆ ಬೀಗವಿತ್ತು. ಆ ಬೀಗದ ದೆಸೆಯಿಂದ ನಾನು ಆ ವರ್ಷ ಎರಡೂ ಹೊತ್ತು ಬಿಸಿ ರೊಟ್ಟಿ ಉಂಡೆ. ಇದನ್ನು ಮರೆತು ಮುತ್ಯಾನನ್ನು ಬಯ್ಯುವ ಅಧಿಕಾರ ನನಗಿಲ್ಲ.

ಒಂದು ದಿನ ಎದುರು ವಾಡೆಯ ದೊಡ್ಡ ಮಗ, ನನ್ನ ಓರಗೆಯವನು, ಖಾಲಿ ಚೀಲ ಹಿಡಿದು ನಮ್ಮ ಬಾಗಿಲಿಗೆ ಬಂದ. ಮುತ್ಯಾ ಅವನನ್ನು ಮಧ್ಯಾಹ್ನದವರೆಗೆ ಕಟ್ಟೆಯ ಮೇಲೆ ಕೂರಿಸಿದರು. ಅನಂತರ ಅವನ ಅಪ್ಪನ ಕೈಯಿಂದ ಮುಚ್ಚಳಿಕೆ ಬರೆಸಿ ತರಿಸಿಕೊಂಡು ಎರಡು ಚೀಲ ಜೋಳ ಅಳೆಸಿದರು. ನಾನು ಒಳಗಿನಿಂದ ನೋಡುತ್ತಿದ್ದೆ. ಅವನಿಗೆ ಒಂದು ತಂಬಿಗೆ ನೀರು ತಂದುಕೊಡಲಿಲ್ಲ. ಮುತ್ಯಾ ಬೇಡವೆಂದಿರಲಿಲ್ಲ, ನಾನು ಕೇಳಲೂ ಇರಲಿಲ್ಲ. ಅಂಜಿಕೆಯ ಮನೆಯಲ್ಲಿ ಬೆಳೆದವರಿಗೆ ಹಿರಿಯರು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅವರ ಕೆಲಸವನ್ನು ನಾವೇ ಮಾಡಿ ಮುಗಿಸಿರುತ್ತೇವೆ.

ಆ ಹುಡುಗ ಶಾಲೆ ಬಿಟ್ಟು ಶಹಾಬಾದಿನ ಕಲ್ಲಿನ ಖಣಿಯಲ್ಲಿ ದುಡಿದ. ತಮ್ಮಂದಿರನ್ನು ಓದಿಸಿದ. ಅಪ್ಪನ ದೊಡ್ಡತನದ ಬೆಲೆಯನ್ನು ತೆತ್ತವನು ಮಗ. ನೆಡ್ ಪ್ರಭುವೂ ಹಾಗೆಯೇ. ಶತ್ರುವಿನ ಮಗಳಾದ ರಾಣಿಯ ಗುಟ್ಟು ಸಿಕ್ಕಾಗ, ಅವಳ ಮಕ್ಕಳ ಪ್ರಾಣ ಉಳಿಯಲೆಂದು, ರಾಜನಿಗೆ ಹೇಳುವ ಮೊದಲು ಅವಳಿಗೇ ಎಚ್ಚರಿಕೆ ಕೊಟ್ಟ. ಆ ಕರುಣೆಗೆ ಅವನ ತಲೆ ಹೋಯಿತು. ಹೆಣ್ಣುಮಕ್ಕಳು ಪರರ ಪಾಲಾದರು. ಹಿರಿಯ ಮಗ ಯುದ್ಧಕ್ಕೆ ಹೊರಟು ಮರಳಲಿಲ್ಲ. ಒಳ್ಳೆಯ ಅಪ್ಪನ ಮಕ್ಕಳಿಗೆ ಒಳ್ಳೆಯದೇ ಆಗುತ್ತದೆಂಬ ಭರವಸೆಯನ್ನು ಈ ಪುಸ್ತಕ ಕೊಡುವುದಿಲ್ಲ. ನಮ್ಮ ಭಾರತವೂ ಕೊಡುವುದಿಲ್ಲ. ದ್ರೋಣ, ದ್ರುಪದರು ಬಾಲ್ಯದ ಗೆಳೆಯರು. ಹಾಲೆಂದು ಹಿಟ್ಟಿನ ನೀರು ಕುಡಿದು ಕುಣಿದ ಮಗನನ್ನು ಕಂಡು ಕರಗಿದ ದ್ರೋಣ ಗೆಳೆಯನ ಬಾಗಿಲಿಗೆ ಹೋದ, ಅವಮಾನ ಹೊತ್ತು ಬಂದ. ಶಿಷ್ಯನ ಕೈಯಿಂದ ದ್ರುಪದನನ್ನು ಕಟ್ಟಿಸಿ ತರಿಸಿ ಸೇಡು ತೀರಿಸಿದ. ದ್ರುಪದ, ದ್ರೋಣನನ್ನು ಕೊಲ್ಲುವ ಮಗ ಬೇಕೆಂದು ಯಜ್ಞ ಮಾಡಿದ. ಮಗು ಬೇಕೆಂದಲ್ಲ, ಕೊಲ್ಲುವವನು ಬೇಕೆಂದು! ಧೃಷ್ಟದ್ಯುಮ್ನ ದ್ರೋಣನ ತಲೆ ಕಡಿದ. ಅಶ್ವತ್ಥಾಮ ಧೃಷ್ಟದ್ಯುಮ್ನನನ್ನೂ ದ್ರೌಪದಿಯ ಐವರು ಮಕ್ಕಳನ್ನೂ ರಾತ್ರಿಯಲ್ಲಿ ಕೊಂದ. ಇಬ್ಬರು ಹಿರಿಯರ ಒಂದು ಮಾತಿನ ಜಗಳ ಮೊಮ್ಮಕ್ಕಳ ಹಾಸಿಗೆಯವರೆಗೆ ನಡೆದುಬಂತು.

ಹಾಗಾದರೆ ಅಪ್ಪಂದಿರಲ್ಲಿ ವ್ಯತ್ಯಾಸವೇ ಇಲ್ಲವೆ? ಇದೆ. ಟೈವಿನ್ ಮಗಳನ್ನು ಸಿಂಹಾಸನಕ್ಕಾಗಿ ಮದುವೆ ಮಾಡಿದ. ಕುಳ್ಳನಾಗಿ ಹುಟ್ಟಿದ ಕಿರಿಯ ಮಗನನ್ನು ಮನೆತನದ ನಗೆಗೇಡೆಂದು ಎಣಿಸಿದ. ಕೊನೆಗೆ ಆ ಕಿರಿಯನ ಬಾಣಕ್ಕೇ ಬಲಿಯಾದ. ಅವನು ಸತ್ತದ್ದೇ ತಡ, ಆ ಮನೆ ಸಡಿಲಿಹೋಯಿತು. ನೆಡ್‌ನ ಮಕ್ಕಳೋ ನಾಲ್ಕು ದಿಕ್ಕಿಗೆ ಚೆದುರಿದರೂ ಅವರ ಕನಸಿನಲ್ಲೆಲ್ಲ ಬರುವುದು ಆ ಒಂದೇ ಮನೆ. ನೆಡ್ ಒಂದು ಕೂಸನ್ನು ತಂದು, ತನ್ನದೇ ಹಾದರದ ಮಗನೆಂದು ಹೇಳಿ ಸಾಕಿದ್ದ. ಅದು ಅವನ ಸತ್ತ ತಂಗಿಯ ಮಗ, ನಿಜ ಹೇಳಿದರೆ ಕೂಸಿನ ಜೀವ ಹೋಗುತ್ತಿತ್ತು ಎಂಬುದು ಧಾರಾವಾಹಿಯಲ್ಲಿ ಬಿಚ್ಚಿಕೊಳ್ಳುತ್ತದೆ. ಮಾನವೇ ಪ್ರಾಣವೆನ್ನುತ್ತಿದ್ದ ಮನುಷ್ಯ ಒಂದು ಮಗುವಿಗಾಗಿ ತನ್ನ ಮಾನವನ್ನೇ ಊರ ಬಾಯಿಗೆ ಕೊಟ್ಟ. ಒಬ್ಬ ಅಪ್ಪ ಜನ ನಗಬಾರದೆಂದು ಮಕ್ಕಳನ್ನು ಬಲಿಕೊಟ್ಟ. ಇನ್ನೊಬ್ಬ ಮಗುವಿಗಾಗಿ ಜನ ನಕ್ಕರೆ ನಗಲಿ ಎಂದ. ನನಗೆ ಕಂಡ ವ್ಯತ್ಯಾಸ ಇದೊಂದೇ.

ನಮ್ಮೂರಿನಲ್ಲೂ ಲೆಕ್ಕ ಹೀಗೆಯೇ ಇತ್ಯರ್ಥವಾಯಿತು. ಮುತ್ಯಾ ತೀರಿದ ವರ್ಷದೊಳಗೆ ಅಪ್ಪನೂ ಕಾಕಂದಿರೂ ಕೋರ್ಟಿನ ಮೆಟ್ಟಿಲೇರಿದರು. ಹೊಲ ಹಂಚಿಹೋಯಿತು; ವಾಡೆಯ ಮಾಡು ಕುಸಿಯಿತು. ಎದುರಿನವರಿಗೆ ಉಳಿದದ್ದು ಎರಡೆಕರೆ. ಆದರೂ ಪ್ರತಿ ಎಳ್ಳಮಾವಾಸ್ಯೆಗೆ ಅವರೆಲ್ಲ ಬರುತ್ತಾರೆ: ಚಿಂಚೋಳಿಯಲ್ಲಿ ನೆಲೆಸಿದವನು, ಶಹಾಬಾದಿನವನು, ಚಿತ್ತಾಪುರಕ್ಕೆ ಕೊಟ್ಟ ಹೆಣ್ಣುಮಗಳು, ಅವರ ಮಕ್ಕಳು, ಮರಿಗಳು. ಎರಡೆಕರೆ ತೊಗರಿಯ ನಡುವೆ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಭಜ್ಜಿ ಬಡಿಸಿಕೊಂಡು ಒಟ್ಟಿಗೆ ಉಣ್ಣುತ್ತಾರೆ. ಹೊರಗಿನವನೊಬ್ಬ ಪಂಕ್ತಿಯಲ್ಲಿ ಈಗಲೂ ಇದ್ದೇ ಇರುತ್ತಾನೆ. ಮೂರು ವರ್ಷದ ಹಿಂದೆ ಆ ಹೊರಗಿನವನು ನಾನಾಗಿದ್ದೆ. ಖಣಿಯಲ್ಲಿ ದುಡಿದ ಗೆಳೆಯ ನನಗೆ ಮೊದಲು ಕೊಟ್ಟದ್ದು ಒಂದು ತಂಬಿಗೆ ನೀರು. ಅವನಿಗೆ 1972ರ ನೆನಪಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಪುಸ್ತಕ ಮುಗಿದ ಮೇಲೆ ಮೊಮ್ಮಗಳನ್ನು ಮಳಖೇಡಕ್ಕೆ ಕರೆದುಕೊಂಡು ಹೋದೆ. 1874ರಲ್ಲಿ ಹಾಕಿದ ಹಳಿಯ ಮೇಲೆ ಚಿತ್ತಾಪುರ ದಾಟಿದರೆ ಮಳಖೇಡ ರೋಡ್. ಕಾಗಿಣಾ ದಂಡೆಯ ಕೋಟೆಯಲ್ಲಿ ಕೂತು, ಇಲ್ಲಿಂದ ಅರವತ್ತಕ್ಕೂ ಹೆಚ್ಚು ವರ್ಷ ಆಳಿದ ಅಮೋಘವರ್ಷ ನೃಪತುಂಗನ ಕಥೆ ಹೇಳಿದೆ. 'ಕವಿರಾಜಮಾರ್ಗ'ದ ಹೆಸರನ್ನು ಅವಳೂ ಕೇಳಿದ್ದಳು. ಅವನ ಮೇಲೆ ದಂಗೆಯೆದ್ದವರೊಡನೆ ಸ್ವಂತ ಮಗನೇ ಸೇರಿಕೊಂಡಿದ್ದ. ಸೇನಾನಿ ಬಂಕೇಶ ಬಂದು ಆ ದಂಗೆಯನ್ನು ಅಡಗಿಸಬೇಕಾಯಿತು. ಆ ಮಗನೇ ಮುಂದೆ ಪಟ್ಟಕ್ಕೆ ಬಂದ ಎರಡನೆಯ ಕೃಷ್ಣ ಎನ್ನುತ್ತಾರೆ ಇತಿಹಾಸಕಾರರು. ಗಂಗರೊಡನೆ ಕಾದು ಕಾದು ದಣಿದ ಮೇಲೆ ಅಮೋಘವರ್ಷ ಮಗಳು ಚಂದ್ರೋಬಲಬ್ಬೆಯನ್ನು ಗಂಗರ ರಾಜಕುಮಾರ ಬೂತುಗನಿಗೆ ಕೊಟ್ಟು ಹಗೆ ಮುಗಿಸಿದ.

"ಮಗ ಜಗಳಕ್ಕ ನಿಂತರೂ ಮನ್ಯಾಗ ಕರಕೊಂಡನಾ?" ಎಂದಳು ಹುಡುಗಿ.

"ಕರಕೊಂಡಿರಬೇಕು."

ಅವಳು ಸ್ವಲ್ಪ ಹೊತ್ತು ಹೊಳೆ ನೋಡಿದಳು. "ಮುತ್ಯಾ, ನೀ ಯಾರ ಹಂಗ?"

ಓದುಗರೆ, ಇಲ್ಲಿಯವರೆಗೆ ಮುಚ್ಚಿಟ್ಟ ಒಂದು ಸಂಗತಿಯನ್ನು ಹೇಳಬೇಕು. ನನ್ನ ಮಗ ತನ್ನ ಮೆಚ್ಚಿಕೆಯ ಹುಡುಗಿಯನ್ನು ಮದುವೆಯಾದಾಗ, ಈ ಹೊಸ್ತಿಲು ತುಳಿಯಬೇಡವೆಂದು ನಾನು ಹೇಳಿದ್ದೆ. ಅವನು ಇಪ್ಪತ್ತು ವರ್ಷ ತುಳಿದಿಲ್ಲ. ರಜೆ ಬಂದಾಗ ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಮಗಳನ್ನು ಅವಳ ಅಜ್ಜಿಯ ಕೈಗೆ ಒಪ್ಪಿಸಿ, ಮುಂದಿನ ಗಾಡಿಗೆ ತಿರುಗಿ ಹೋಗುತ್ತಾನೆ. ಆಡಿದ ಮಾತು ಉಳಿಸಿಕೊಂಡೆನೆಂದು, ಎದುರು ವಾಡೆಯ ಗೌಡರಂತೆ ಮಾತಿನವನೆಂದು ನಾನು ತಿಳಿದಿದ್ದೆ. ಅವರು ಉಳಿಸಿಕೊಂಡದ್ದು ಇನ್ನೊಬ್ಬರಿಗೆ ಕೊಟ್ಟ ಮಾತು. ನಾನು ಉಳಿಸಿಕೊಂಡದ್ದು ಜನ ಏನೆಂದಾರೋ ಎಂಬ ಅಂಜಿಕೆಯನ್ನು. ಮುತ್ಯಾ ಸತ್ತಿದ್ದರೂ ಅವರ ಕೆಲಸವನ್ನು ನಾನು ಮಾಡಿ ಮುಗಿಸಿದ್ದೆ.

ಹುಡುಗಿಗೆ ಉತ್ತರ ಕೊಡಲಿಲ್ಲ. ಮರುವಾರ ಅವಳನ್ನು ಕರೆದೊಯ್ಯಲು ಅವನು ಬರುವ ದಿನ, ಹೆಂಡತಿಯನ್ನು ಮನೆಯಲ್ಲಿರಲು ಹೇಳಿ ನಾನೇ ಸ್ಟೇಶನ್ನಿಗೆ ಹೋದೆ. ಅವನ ಕಿವಿಯ ಬಳಿ ಕೂದಲು ನರೆತಿತ್ತು. ದಾರಿಯುದ್ದಕ್ಕೂ ಕಟ್ಟಿಕೊಂಡು ಹೋದ ಮಾತುಗಳೆಲ್ಲ ಎಲ್ಲಿ ಹೋದವೋ. "ಉಂಡು ಹೋಗು" ಎಂಬುದೊಂದೇ ಬಾಯಿಗೆ ಬಂತು.

ಅವನು ಗಡಿಯಾರ ನೋಡಿದ, ಮಗಳನ್ನು ನೋಡಿದ. "ಸಂಜಿ ಗಾಡಿಗಿ ಹೋದ್ರಾತು" ಎಂದ.

ಮನೆಯಲ್ಲಿ ಹೆಂಡತಿ ಹಳೆಯ ಅಭ್ಯಾಸದಂತೆ ಗಂಡಸರಿಗೆಂದು ಎರಡೇ ತಾಟು ಹಾಕಿದ್ದಳು. ಮೊಮ್ಮಗಳು ಒಳಗೆ ಹೋಗಿ ಇನ್ನೆರಡು ತಂದಳು. ಒಂದು ಅಜ್ಜಿಗೆ, ಒಂದು ತನಗೆ. ಊಟದಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಬಳೆಯ ಸಪ್ಪಳ ಮಾತ್ರ ಚೆನ್ನಾಗಿ ಕೇಳುತ್ತಿತ್ತು. ಎಳ್ಳಮಾವಾಸ್ಯೆ ಯಾವ ವಾರ ಬರುತ್ತದೆಂದು ಪಂಚಾಂಗ ನೋಡಿ ಅವನಿಗೆ ಹೇಳಬೇಕೆಂದಿದ್ದೆ. ಪಂಚಾಂಗವೇನೋ ಸಿಕ್ಕಿತು, ಅದು ಹೋದ ವರ್ಷದ್ದು.