ಸಾಬೂನಿನ ಗುಳ್ಳೆ

ನಮ್ಮ ಮನೆಯಲ್ಲಿ ಅಡಿಗೆಯ ಸಿಲಿಂಡರನ್ನು ಬದಲಾಯಿಸುವ ಅಧಿಕಾರ ಇಂದಿಗೂ ನನ್ನ ಹೆಂಡತಿಯದೇ. ಮೂವತ್ತು ವರ್ಷ ಪ್ರಯೋಗಶಾಲೆಯ ಸಿಲಿಂಡರುಗಳ ನಡುವೆ ಕಾಲ ಕಳೆದವನು ನಾನೆಂದು ಹೇಳಿಕೊಂಡರೆ, “ಅದಕ್ಕೇ ಹೇಳುವುದು, ನೀವು ಆಚೆ ಕುಳಿತಿರಿ” ಎನ್ನುತ್ತಾಳೆ. ಆಕೆಗೆ 1984ರ ಆ ಭಾನುವಾರದ ನೆನಪು. ನನಗೂ ಮರೆತಿಲ್ಲ.

ಆಗ ನಾನು ಬೆಂಗಳೂರಿನ ಒಂದು ಪ್ರಯೋಗಶಾಲೆಗೆ ಹೊಸದಾಗಿ ಸೇರಿದ್ದೆ. ಪ್ರಾಣಿಗಳ ಜೀವಕೋಶಗಳನ್ನು ದೇಹದ ಹೊರಗೆ, ಗಾಜಿನ ತಟ್ಟೆಗಳಲ್ಲಿ ಸಾಕುವುದು ನಮ್ಮ ಉದ್ಯೋಗ. ಬಾಣಂತಿಯ ಆರೈಕೆಗಿಂತ ಕಷ್ಟವಾದದ್ದು ಅದು. ಅವುಗಳಿಗೆ 37 ಡಿಗ್ರಿ ಕಾವು ಬೇಕು, ತೇವ ಬೇಕು, ಜೊತೆಗೆ ನೂರಕ್ಕೆ 5 ಪಾಲು ಇಂಗಾಲಾಮ್ಲವಿರುವ ಹವೆಯೂ ಬೇಕು. ಕೋಶಗಳ ಆಹಾರದ್ರವದಲ್ಲಿ ನಮ್ಮ ಅಡಿಗೆಸೋಡವೇ ಇರುತ್ತದೆ. ಅದೂ ಈ ಅನಿಲವೂ ಸೇರಿ ದ್ರವದ ಹುಳಿಯನ್ನು ಹದದಲ್ಲಿ ಹಿಡಿದಿಡುತ್ತವೆ. ಹದ ತಪ್ಪಿ ಅನಿಲ ಕಡಮೆಯಾದರೆ ಕೆಂಪುದ್ರವ ನೇರಳೆಗೆ ತಿರುಗುತ್ತದೆ, ಹುಳಿ ಹೆಚ್ಚಿದರೆ ಹಳದಿಯಾಗುತ್ತದೆ. ಆದ್ದರಿಂದ ಇನ್‌ಕ್ಯುಬೇಟರೆಂಬ ಆ ಕಾವುಪೆಟ್ಟಿಗೆಗೆ ಹಗಲಿರುಳೂ ಸಿಲಿಂಡರಿನ ನಂಟು.

ಈ ಸಿಲಿಂಡರಿನದು ಒಂದು ಮೋಸವುಂಟು. ಒಳಗೆ ಇಂಗಾಲಾಮ್ಲ ದ್ರವರೂಪದಲ್ಲಿರುವುದರಿಂದ, ದ್ರವದ ಕೊನೆಯ ಹನಿ ಇರುವತನಕ ಒತ್ತಡದ ಮುಳ್ಳು ಕದಲುವುದಿಲ್ಲ. ಆಮೇಲೆ ಒಮ್ಮೆಲೇ ಇಳಿಯುತ್ತದೆ. ಎಷ್ಟು ಉಳಿದಿದೆಯೆಂದು ತಿಳಿಯಬೇಕಾದರೆ ತೂಗಿಯೇ ನೋಡಬೇಕು. ನಾನು ಮುಳ್ಳನ್ನೇ ನಂಬಿದ್ದೆ. ಶನಿವಾರ ಸಂಜೆ, ಎಲ್ಲರೂ ಮನೆಗೆ ಹೋದ ಮೇಲೆ, ಅದು ಇಳಿಯಿತು.

ಹೊಸ ಸಿಲಿಂಡರನ್ನು ನಾನೊಬ್ಬನೇ ಉರುಳಿಸಿ ತಂದೆ. ಸರಪಣಿ ಕಟ್ಟಲಿಲ್ಲ. ಹಳೆಯ ವಾಷರು ಸೀಳಿತ್ತು. ನಡೆದೀತೆಂದುಕೊಂಡು ಅದನ್ನೇ ಹಾಕಿ, ಆ ಕೊರತೆಯನ್ನು ಸ್ಪ್ಯಾನರಿನ ಬಲದಿಂದ ತುಂಬಿದೆ. ಪೆಟ್ಟಿಗೆಯ ದೀಪ ಬೆಳಗಿತು. ಬಾಗಿಲೆಳೆದು, ಸಿನಿಮಾಕ್ಕೆ ತಡವಾಯಿತೆಂದು ಮನೆಗೆ ಓಡಿದೆ. ಹೆಂಡತಿಗೆ ಅಂದು ಮಾತು ಕೊಟ್ಟಿದ್ದೆ. (ಚಿತ್ರವೇನೂ ಚೆನ್ನಾಗಿರಲಿಲ್ಲ.)

ಅಡಿಗೆಯ ಅನಿಲಕ್ಕೆ ದುರ್ವಾಸನೆಯನ್ನು ಬೇಕೆಂದೇ ಬೆರೆಸಿರುತ್ತಾರೆ. ಸೋರಿದರೆ ಮೂಗು ಹೇಳುತ್ತದೆ. ಇಂಗಾಲಾಮ್ಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಗಾಳಿಗಿಂತ ಒಂದೂವರೆಯಷ್ಟು ಭಾರವಾದ್ದರಿಂದ ಅದು ನೆಲಕ್ಕಂಟಿ ನಿಲ್ಲುತ್ತದೆ. ಮೂವತ್ತು ಕಿಲೋ ದ್ರವ ಅನಿಲವಾದರೆ ಹದಿನಾರು ಘನಮೀಟರಿಗೂ ಮಿಕ್ಕುತ್ತದೆ. ನಮ್ಮ ಕೋಣೆಯೋ ಹತ್ತಡಿ ಉದ್ದ, ಎಂಟಡಿ ಅಗಲ, ಕಿಟಕಿಯಿಲ್ಲ.

ಭಾನುವಾರ ಬೆಳಗ್ಗೆ ಒಳಹೊಕ್ಕವನು ಕೆಳಗಿನ ತಟ್ಟೆಗಳನ್ನು ನೋಡಲೆಂದು ಮಂಡಿಯೂರಿದೆ. ನಾಲಗೆಯ ಮೇಲೆ ಸೋಡಾನೀರಿನ ಹುಳಿ. ಮೆಟ್ಟಲು ಹತ್ತಿದವನಂತೆ ಏದುಸಿರು, ತಲೆಯೊಳಗೆ ಡೋಲು. ಏಳಬೇಕೆಂದು ತೋರಿತು, ಕಾಲು ಕೇಳಲಿಲ್ಲ. ಅಷ್ಟರಲ್ಲಿ ಯಾರೋ ನನ್ನ ಅಂಗಿಯ ಕೊರಳು ಹಿಡಿದು ಹೊರಗೆಳೆದರು. ನಮ್ಮ ಹಿರಿಯ ಅಟೆಂಡರು. ಗಿಡಗಳಿಗೆ ನೀರು ಹಾಕಲು ಬಂದಿದ್ದವರು.

ಅವರು ಬೈಯಲಿಲ್ಲ. ಬಾಗಿಲುಗಳನ್ನೆಲ್ಲ ತೆರೆದು, ಫ್ಯಾನು ತಂದಿಟ್ಟು, ಗಂಟೆಯ ಮೇಲೆ ಒಳಗೆ ಕರೆದೊಯ್ದು, “ಮೊದಲು ಸರಪಣಿ ಸಾರ್, ಮಿಕ್ಕದ್ದು ಆಮೇಲೆ” ಎಂದರು. ಸಿಲಿಂಡರು ಬಿದ್ದು ಕತ್ತು ಮುರಿದರೆ ಗುಂಡಿನಂತೆ ಹಾರುತ್ತದೆಯೆಂದರು. ಬಾಯಿಯ ಧೂಳನ್ನು ಒರೆಸಿದರು, ಹೊಸ ವಾಷರು ಕೂರಿಸಿದರು. ತಿರುಪನ್ನು ಮೊದಲು ಕೈಯಲ್ಲೇ ಸುತ್ತಿ, ನೆಟ್ಟಗೆ ಕುಳಿತ ಮೇಲಷ್ಟೇ ಸ್ಪ್ಯಾನರು ಮುಟ್ಟಿದರು. ರೆಗ್ಯುಲೇಟರಿನ ಹಿಡಿಯನ್ನು ಪೂರ್ತಿ ಸಡಿಲಿಸಿ, ಪಕ್ಕಕ್ಕೆ ಸರಿದು ನಿಂತು, ಕವಾಟವನ್ನು ಮೆಲ್ಲಗೆ ತೆರೆದರು. ಒಳಗೆ ಸುಮಾರು 57 ಬಾರು ಒತ್ತಡ. ಪೆಟ್ಟಿಗೆಗೆ ಬೇಕಾದದ್ದು ಒಂದರ ಸುತ್ತಮುತ್ತ. ಕೊನೆಗೆ ಒಂದು ಬಟ್ಟಲು ಸಾಬೂನುನೀರು. ಪ್ರತಿ ಕೀಲಿಗೂ ಬ್ರಷ್ಷಿನಿಂದ ಸವರಿ, ದೇವರ ಮುಂದೆ ಕುಳಿತಂತೆ ಕಣ್ಣು ನೆಟ್ಟು ನೋಡಿದರು. ಗುಳ್ಳೆ ಏಳಲಿಲ್ಲ.

ತಟ್ಟೆಯೊಳಗಿನ ಕೋಶಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಅವುಗಳಿಗೆ ಹಿತವಾದ ಹವೆಯಲ್ಲೇ ಅವುಗಳ ಪಾಲಕ ಮುಳುಗುತ್ತಿದ್ದ.

ಎರಡು ವರ್ಷಗಳ ಮೇಲೆ, 1986ರ ಆಗಸ್ಟಿನಲ್ಲಿ, ಆಫ್ರಿಕದ ಕ್ಯಾಮರೂನಿನ ನಿಯೋಸ್ ಸರೋವರದಿಂದ ಇದೇ ಅನಿಲ ಉಕ್ಕಿ ಕಣಿವೆಗಿಳಿದು ಸುಮಾರು 1,700 ಮಂದಿ ಸತ್ತರೆಂದು ಓದಿದಾಗ, ಪತ್ರಿಕೆ ಕೈಯಿಂದ ಜಾರಿತು. ಈಗ ಇಂತಹ ಕೋಣೆಗಳ ಗೋಡೆಯಲ್ಲಿ, ನೆಲಕ್ಕೆ ಹತ್ತಿರವಾಗಿ, ಅನಿಲ ಹೆಚ್ಚಿದರೆ ಕೂಗುವ ಯಂತ್ರವಿಡುತ್ತಾರೆ. ನಮ್ಮಲ್ಲಿ ಆಗ ಇದ್ದುದು ಅಟೆಂಡರು, ಅವರ ಬಟ್ಟಲು.

ಮನೆಯಲ್ಲಿ ಹೊಸ ಸಿಲಿಂಡರು ಬಂದಾಗಲೆಲ್ಲ ಹೆಂಡತಿ ಜೋಡಿಸುತ್ತಾಳೆ. ಸಾಬೂನುನೀರಿನ ಬಟ್ಟಲು ಹಿಡಿದು ನಿಲ್ಲುವ ಕೆಲಸ ನನ್ನದು. “ಎದ್ದಿತೇ?” ಎನ್ನುತ್ತಾಳೆ. ನಾನು ಕನ್ನಡಕ ಏರಿಸಿ ಬಗ್ಗುತ್ತೇನೆ.